ಲಾರಾ ಲೆಪಿಸ್ಟೊ 23ಕ್ಕೇ ಸ್ಕೇಟಿಂಗ್ ಬಿಟ್ಟದ್ದು ಯಾಕೆ?

ಫರಸಿಮನೆ, ಕಲಬುರಗಿ:
ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ. ಮಗಳಿಗೆ 11 ವರ್ಷ. ರೋಲರ್ ಸ್ಕೇಟಿಂಗ್ ಮಾಡುತ್ತಾಳೆ. ಓಟದ್ದಲ್ಲ, ಹಾಡಿಗೆ ತಿರುಗಿ ಹಾರುವಂಥದ್ದು. ನಮ್ಮೂರಲ್ಲಿ ಐಸ್ ಅಂದರೆ ಕಬ್ಬಿನ ಹಾಲಿನ ಗಾಡಿಯಲ್ಲಿ ಇರೋದಷ್ಟೇ, ಹಾಗಾಗಿ ಅಂಗಳದ ಶಹಾಬಾದ್ ಫರಸಿಯೇ ಅವಳ ರಿಂಕ್. ಸಂದಿಗೆ ಚಕ್ರ ಸಿಕ್ಕಿ ಎರಡು ಸಲ ಬಿದ್ದಳು ಅಂತ ನಾನೇ ಕೂತು ಸಿಮೆಂಟ್ ತುಂಬಿದ್ದೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೇ ಶುರು, ಎಂಟಕ್ಕೆಲ್ಲ ಕಲ್ಲು ಕಾದಿರುತ್ತದೆ.

ಐಸ್ ಮೇಲೆ ಇದೇ ಥರ ಹಾಡಿಗೆ ತಿರುಗಿ ಹಾರುತ್ತಿದ್ದ ಫಿನ್ಲೆಂಡಿನ ಲಾರಾ ಲೆಪಿಸ್ಟೊ ಅಂದರೆ ಅವಳಿಗೆ ಪ್ರಾಣ. ಹಳೆ ವಿಡಿಯೋ ಹಾಕಿಕೊಂಡು ನೋಡಿದ್ದೇ ನೋಡಿದ್ದು. ಆದರೆ ಲಾರಾ 2012ರಲ್ಲಿ, 23ಕ್ಕೇ ನಿವೃತ್ತಿ ಹೇಳಿಬಿಟ್ಟಳಂತೆ, ಬೆನ್ನುನೋವಿಗೆ. ಒಂದು ತಿಂಗಳಿಂದ ನನ್ನ ಮಗಳೂ ಹಿಂದಕ್ಕೆ ಬಾಗಿ ತಿರುಗಿದ ಮೇಲೆ ಸೊಂಟ ಹಿಡಿದುಕೊಂಡು ಕೂರುತ್ತಾಳೆ. ಕೋಚ್ ಕೇಳಿದರೆ "ಎಲ್ಲರಿಗೂ ಆಗತ್ತೆ, ಎಣ್ಣೆ ಹಚ್ಚಿ" ಅಂದರು. ನಮ್ಮ ಅವ್ವ ಬೇರೆ "ನಾಳಿ ಆ ಹುಡುಗಿ ಬಗ್ಗಿ ಕಸ ಹೊಡಿಲಿಕ್ಕೂ ಆಗಂಗಿಲ್ಲ ನೋಡು" ಅಂತ ದಿನಾ ಶುರು ಮಾಡಿದ್ದಾಳೆ. ಸುಮ್ನೆ ಹೆದರುತ್ತಿದ್ದೇನಾ?

ಊರೂರು ಸುತ್ತಿದವ, ಯಾದಗಿರಿ:
ಆ ವಯಸ್ಸಿನಲ್ಲಿ ಎಲ್ಲ ಮಕ್ಕಳಿಗೂ ಏನಾದರೊಂದು ನೋಯುತ್ತದೆ ಸರ್. ಬಿಡಿಸಬೇಡಿ.

ಹಳೆ ಚಕ್ರ, ಬೀದರ್:
ಮೇಲಿನವರ ಮಾತು ಕೇಳಬೇಡಿ. ನಾನೂ ಒಂಬತ್ತು ವರ್ಷ ಚಕ್ರದ ಮೇಲೆ ಇದ್ದವಳು. ಈಗ ಜೋಳದ ಹಿಟ್ಟಿನ ಬುಟ್ಟಿ ಎತ್ತುವಾಗ ಮೊದಲು ಗೋಡೆ ಹಿಡಿಯುತ್ತೇನೆ.

ಲಾರಾ ವಿಷಯಕ್ಕೆ ಬರೋಣ. 2008ರಲ್ಲಿ ಝಾಗ್ರೆಬ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ಕಂಚು. ಮರುವರ್ಷ ಹೆಲ್ಸಿಂಕಿಯಲ್ಲಿ, ತನ್ನ ಜನರ ಮುಂದೆಯೇ ಚಿನ್ನ. ಫಿನ್ಲೆಂಡಿನ ಹೆಣ್ಣುಮಗಳು ಯುರೋಪ್ ಗೆದ್ದದ್ದು ಅದೇ ಮೊದಲು, ಆಗ ಅವಳಿಗೆ 20. 2010 ಅಂತೂ ಅವಳದೇ ವರ್ಷ. ಟ್ಯಾಲಿನ್‌ನಲ್ಲಿ ಯುರೋಪಿಯನ್ ಬೆಳ್ಳಿ, ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಆರನೇ ಸ್ಥಾನ, ಮಾರ್ಚ್‌ನಲ್ಲಿ ಟೂರಿನ್‌ನಲ್ಲಿ ವಿಶ್ವ ಕಂಚು. ಅವಳಿಗಿಂತ ಮೇಲೆ ನಿಂತವರು ಜಪಾನಿನ ಮಾವೊ ಅಸಾಡಾ ಮತ್ತು ಆಗಷ್ಟೇ ಒಲಿಂಪಿಕ್ ಚಿನ್ನ ಗೆದ್ದಿದ್ದ ದಕ್ಷಿಣ ಕೊರಿಯಾದ ಯೂನಾ ಕಿಮ್. ಅಂಥವರ ಪಕ್ಕ ನಿಲ್ಲೋದು ಸಣ್ಣ ಮಾತಲ್ಲ. ಅದಾದ ಮೇಲೆ ಬೆನ್ನು ಕೈಕೊಟ್ಟಿತು. ಮುಂದಿನ ಸೀಸನ್ ಹಾಗೇ ಹೋಯಿತು. 2012ರ ಮಾರ್ಚ್‌ನಲ್ಲಿ ಬಿಟ್ಟೇಬಿಟ್ಟಳು.

ಯಾಕೆ ಬೆನ್ನೇ ಅಂದರೆ, ಹಾರಿದ ಮೇಲೆ ಇಳಿಯೋದು ಒಂದೇ ಕಾಲಿನ ಮೇಲೆ, ಅದೂ ಹಿಮ್ಮುಖವಾಗಿ. ಎಡಕ್ಕೆ ತಿರುಗುವವರಿಗೆ ಯಾವಾಗಲೂ ಬಲಗಾಲು. ಮೈತೂಕದ ಎಷ್ಟೋ ಪಟ್ಟು ಭಾರ ಆ ಒಂದು ಕ್ಷಣದಲ್ಲಿ ಬೀಳುತ್ತದೆ. ಬೂಟು ಗಟ್ಟಿ, ಪಾದದ ಗಂಟು ಬಗ್ಗೋದೇ ಕಡಿಮೆ. ಹಾಗಾಗಿ ಏಟೆಲ್ಲ ಮಂಡಿಗೆ, ಸೊಂಟಕ್ಕೆ. ಅದರ ಮೇಲೆ ಬಾಗಿ ತಿರುಗೋದು ಬೇರೆ. ಬೆಳೆಯುವ ಮಕ್ಕಳಲ್ಲಿ ಸೊಂಟದ ಹತ್ತಿರದ ಮೂಳೆಯಲ್ಲಿ ಸಣ್ಣ ಬಿರುಕು ಬಿಡಬಹುದು, ಎಣ್ಣೆಗೆ ಅದು ಹೋಗೋದಿಲ್ಲ. ಮೂಳೆ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ಬಾಗುವುದು, ಹಾರುವುದು ಎರಡೂ ಬಂದ್.

ಚಹಾ ಇಲ್ಲದೆ ಆಗಲ್ಲ, ಕಲಬುರಗಿ:
ಒಬ್ಬಳದ್ದೇ ಕತೆ ನೋಡಿ ಹೆದರಬೇಡಿ ಅಣ್ಣಾ. ಹೆಲ್ಸಿಂಕಿಯಲ್ಲಿ ಲಾರಾ ಜೊತೆ ಕಂಚು ಹಿಡಿದು ನಿಂತವಳು ಸುಸಾನಾ ಪೊಯ್ಕಿಯೊ, ಅವಳೂ ಫಿನ್ಲೆಂಡಿನವಳೇ. ಅವಳಿಗಾಗ 26. ನಾಲ್ಕು ವರ್ಷ ಮೊದಲು, 2005ರಲ್ಲಿ, ಯುರೋಪಿಯನ್ ಬೆಳ್ಳಿ ಗೆದ್ದು ದಾರಿ ತೆಗೆದವಳೇ ಅವಳು. ಫಿನ್ಲೆಂಡಿನದೇ ಇನ್ನೊಬ್ಬ ಸ್ಕೇಟರ್ ಕೀರಾ ಕೋರ್ಪಿ ಇದ್ದಾಳಲ್ಲ, ಐಸ್ ಹಾಕಿ ಕೋಚ್ ಮಗಳು, ಯುರೋಪಿಯನ್‌ನಲ್ಲಿ ಮೂರು ಪದಕ. ಹಿಮ್ಮಡಿ ಸ್ನಾಯುರಜ್ಜಿನ ಪೆಟ್ಟಿನಿಂದ 2014ರ ಸೋಚಿ ಒಲಿಂಪಿಕ್ಸ್ ತಪ್ಪಿತು, ಆದರೂ ಮತ್ತೆ ಬಂದಳು. ಬಿಟ್ಟದ್ದು 2015ರಲ್ಲಿ.

ಹಳೆ ಚಕ್ರ, ಬೀದರ್:
ಮತ್ತೆ ಬಂದಳು ನಿಜ. ನಡುವೆ ಎಷ್ಟು ದಿನ ಸುಮ್ಮನೆ ಕೂತಿದ್ದಳು ಅನ್ನೋದನ್ನೂ ಹೇಳಿ. ಫರಸಿಮನೆಯವರೇ, ಒಂದು ಕೆಲಸ ಮಾಡಿ. ಈಗ ಹಾರಿಸೋಕೆ ಹೋಗಬೇಡಿ, ಹಳೆ ವಿಡಿಯೋ ಇದ್ದರೆ ಎಣಿಸಿ. ಒಂದು ಬೆಳಿಗ್ಗೆಗೆ ಎಷ್ಟು ಇಳಿತ? ಡಾಕ್ಟರ್ ಅದನ್ನೇ ಕೇಳುತ್ತಾರೆ.

ಫರಸಿಮನೆ, ಕಲಬುರಗಿ:
ಎಣಿಸಿದೆ. ಅಪ್ಪ-ಮಗಳು ಕೂತು, ಫರಸಿ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾ. 43 ಇಳಿತ, ಎಲ್ಲವೂ ಬಲಗಾಲು. ನಾನು ಹತ್ತೋ ಹದಿನೈದೋ ಅಂದುಕೊಂಡಿದ್ದೆ. ಗುರುವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ. ಗೀಟು ಅಳಿಸಬೇಡ ಅಂದಿದ್ದಾಳೆ ಮಗಳು. ಅವ್ವ ಕಸ ಹೊಡೆಯುವಾಗ ಅದನ್ನು ಬಿಟ್ಟು ಹೊಡೆದಿದ್ದಾಳೆ.