ಅಪ್‌ಡೇಟ್: ಇಡೀ ದಿನದ ಬಸ್ ಸುತ್ತಾಟ ಹೇಗಾಯ್ತು

ಡೇ ಪಾಸ್ ತಗೊಂಡು ಒಂದೇ ದಿನ ಬೇರೆ ಬೇರೆ ಥರದ ಬಸ್‌ಗಳಲ್ಲಿ ಓಡಾಡಬೇಕು, ಅದೂ ಮುಂದಿನ ಸೀಟಲ್ಲಿ, ಹೇಗೆ ಪ್ಲಾನ್ ಮಾಡಲಿ ಅಂತ ಕೇಳಿದ್ದೆ. ಹೋಗಿ ಬಂದೆ, ಮನಸ್ಸು ತುಂಬಿದೆ.

ಕೆಲಸಕ್ಕೆ ಬಂದಿದ್ದು "ಬಸ್ ಹೊರಡೋ ಜಾಗದಲ್ಲೇ ಹತ್ತಿ, ಬೆಳಿಗ್ಗೆ ಜನ ಹೋಗೋ ದಿಕ್ಕಿಗೆ ಎದುರಾಗಿ ಹೋಗಿ" ಅನ್ನೋ ಸಲಹೆ. ಬಸ್ಸೆಲ್ಲಾ ಖಾಲಿ! ಆ್ಯಪ್ ನೋಡ್ಕೊಂಡು ಬಸ್ ಬದಲಿಸೋ ಉಪಾಯ ಮಾತ್ರ ಕೈಕೊಡ್ತು; ಬರೋದು ಯಾವ ಮಾದರಿಯ ಬಸ್ ಅಂತ ಅದರಲ್ಲಿ ಗೊತ್ತಾಗಲಿಲ್ಲ.

ಹೊಸದಾಗಿ ತಿಳಿದದ್ದೂ ಇದೆ. ಲೋ ಫ್ಲೋರ್ ಬಸ್ ಸ್ಟಾಪಲ್ಲಿ ನಿಂತಾಗ ಬುಸ್ ಅಂತ ಬಾಗಿಲ ಕಡೆ ವಾಲಿತು. ಆ ಬದಿಯ ಏರ್ ಸಸ್ಪೆನ್ಷನ್‌ನಿಂದ (ಸ್ಪ್ರಿಂಗ್ ಬದಲು ಬಸ್ಸನ್ನ ಹೊರೋ ಗಾಳಿ ಚೀಲಗಳು) ಗಾಳಿ ಬಿಟ್ಟು ಹಾಗೆ ಬಗ್ಗಿಸ್ತಾರಂತೆ. ಕೋಲು ಹಿಡಿದ ಅಜ್ಜಿಯೊಬ್ಬರು ಆರಾಮಾಗಿ ಕಾಲಿಟ್ಟು ಒಳಗೆ ಬಂದರು, ಆಮೇಲೆ ಬಸ್ ನಿಧಾನಕ್ಕೆ ಮೇಲೆದ್ದಿತು. ಎಷ್ಟು ಚೆಂದದ ಯೋಚನೆ!

ಎಲೆಕ್ಟ್ರಿಕ್ ಬಸ್ಸಲ್ಲಿ ವೇಗ ತಗ್ಗಿಸುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ವಾಪಸ್ ಕಳಿಸುತ್ತೆ. ಮುಂದಿನ ಸೀಟಲ್ಲಿ ಕೂತರೆ ಡ್ಯಾಶ್‌ಬೋರ್ಡಿನ ಮುಳ್ಳು ಚಾರ್ಜ್ ಕಡೆ ತಿರುಗೋದು ಕಾಣುತ್ತೆ, ತಪ್ಪದೆ ನೋಡಿ. ಎಂಜಿನ್ ಸದ್ದು ಇಷ್ಟಪಡುವವರು ಹಿಂದೆ ಎಂಜಿನ್ ಇರೋ ಡೀಸೆಲ್ ಬಸ್ಸಿನ ಕೊನೇ ಸಾಲು ಹಿಡಿಯಿರಿ.