ಅಡಿಕೆ ತೂಕದ ಆ್ಯಪಿಗೆ ಪ್ರೋಟೋಬಫ್ ಅಳವಡಿಕೆ: ಐದು ದಾಖಲೆ ಕಳುಹಿಸಿದರೆ ಒಂದೇ ತಲುಪುತ್ತಿದೆ

ಪ್ರಶ್ನೆ (ಹೊಸನಗರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಅಡಿಕೆ ಬೆಳೆಗಾರರ ಒಂದು ಸಣ್ಣ ಸಂಘಕ್ಕಾಗಿ ನಾವು ಮೂವರು ಸೇರಿ ಒಂದು ಆ್ಯಪ್ ಸಿದ್ಧಪಡಿಸುತ್ತಿದ್ದೇವೆ. ಸಂಘದ ಹುಡುಗರು ಮನೆಮನೆಗೆ ಹೋಗಿ, ಅಂಗಳದಲ್ಲೇ ಚೀಲಗಳನ್ನು ತೂಗಿ, ತೂಕ, ಅಡಿಕೆಯ ಬಗೆ, ಊರಿನ ಹೆಸರು ಮತ್ತು ಬೆಳೆಗಾರರ ಸದಸ್ಯ ಸಂಖ್ಯೆಯನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ. ಹೆಚ್ಚಿನ ಮನೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ದಾಖಲೆಗಳು ಫೋನಿನಲ್ಲೇ ಉಳಿದು, ದಿಬ್ಬ ಹತ್ತಿದಾಗಲೋ ಪೇಟೆಗೆ ಬಂದಾಗಲೋ ಸರ್ವರಿಗೆ ಹೋಗಬೇಕು. ಆ್ಯಪ್ ಕೋಟ್ಲಿನ್‌ನಲ್ಲಿದೆ, ಸರ್ವರ್ ಪೈಥಾನ್‌ನಲ್ಲಿದೆ.

ಈವರೆಗೆ ಪ್ರತಿ ಮಾಹಿತಿಯನ್ನೂ ಅದರ ಹೆಸರಿನೊಡನೆ ಪಠ್ಯವಾಗಿ ಬರೆಯುವ ಜೇಸನ್ ಬಳಸುತ್ತಿದ್ದೆವು. ಆ್ಯಪಿನವರು ಒಂದು ಹೆಸರಿಟ್ಟು, ಸರ್ವರಿನವರು ಇನ್ನೊಂದು ಹೆಸರು ನಿರೀಕ್ಷಿಸಿ, ಎರಡು ಬಾರಿ ತೂಕವೇ ಕಾಣೆಯಾದ ಮೇಲೆ, ಎರಡೂ ಕಡೆಗೆ ಒಂದೇ ಸ್ಕೀಮಾ ಇಟ್ಟು ಮಾಹಿತಿಯನ್ನು ಬೈಟುಗಳಾಗಿ ಬರೆಯುವ, ಪ್ರೋಟೋಬಫ್ ಎಂದೂ ಕರೆಯುವ ಪ್ರೋಟೋಕಾಲ್ ಬಫರ್ಸ್‌ಗೆ ಬದಲಾಗಲು ತೀರ್ಮಾನಿಸಿದೆವು. ದಾಖಲೆಯಲ್ಲಿ ಯಾವ ಯಾವ ಮಾಹಿತಿ ಇರುತ್ತದೆ ಎಂದು ಹೇಳುವ ಸ್ಕೀಮಾ ಕಡತ ಬರೆದಾಗಿದೆ. ಆದರೆ ಆ್ಯಪನ್ನು ಕಟ್ಟುವ ಗ್ರೇಡಲ್ ಬಿಲ್ಡ್ ಯಾವ ದೋಷವನ್ನೂ ತೋರಿಸದೆ ಮುಗಿದರೂ ಕೋಟ್ಲಿನ್ ಕೋಡಿಗೆ ಸ್ಕೀಮಾದಿಂದ ತಯಾರಾಗಬೇಕಾದ ಕ್ಲಾಸುಗಳು ಕಾಣುತ್ತಿಲ್ಲ. ಸ್ಕೀಮಾದಿಂದ ಕೋಡ್ ತಯಾರಿಸುವ ಕಂಪೈಲರ್ 25.1 ಎನ್ನುತ್ತದೆ, ಜಾವಾ ಲೈಬ್ರರಿ 3.25.1, ಪೈಥಾನಿನದು 4.25.1, ಇವು ಒಂದಕ್ಕೊಂದು ಹೊಂದುತ್ತವೆಯೇ ಎಂಬುದೂ ತಿಳಿಯುತ್ತಿಲ್ಲ. ಎಲ್ಲಕ್ಕಿಂತ ಚಿಂತೆಯ ಸಂಗತಿ ಎಂದರೆ, ಪರೀಕ್ಷೆಗಾಗಿ ಕ್ಲಾಸುಗಳನ್ನು ಕೈಯಾರೆ ತಯಾರಿಸಿ ಸೇರಿಸಿ, ಐದು ದಾಖಲೆಗಳನ್ನು ಒಂದೇ ಕಡತಕ್ಕೆ ಒಂದರ ಹಿಂದೆ ಒಂದು ಬರೆದು ಕಳುಹಿಸಿದಾಗ ಸರ್ವರಿನಲ್ಲಿ ಕೊನೆಯದು ಮಾತ್ರ ಸಿಕ್ಕಿತು. ಎಲ್ಲಿಯೂ ದೋಷದ ಸಂದೇಶ ಬರಲಿಲ್ಲ. ಕೊಯ್ಲು ಆರಂಭವಾಗುವುದರೊಳಗೆ ಇದನ್ನು ಸರಿಪಡಿಸಬೇಕಿದೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ (ಶಿವಮೊಗ್ಗದಿಂದ)

ಮೊದಲ ಎರಡು ತೊಂದರೆಗಳು ಚಿಕ್ಕವು. ಗ್ರೇಡಲ್‌ನ ಪ್ರೋಟೋಬಫ್ ಪ್ಲಗಿನ್ ಸಾಮಾನ್ಯ ಜಾವಾ ಪ್ರಾಜೆಕ್ಟಿನಲ್ಲಿ ಜಾವಾ ಕೋಡನ್ನು ತಾನಾಗಿಯೇ ಉತ್ಪಾದಿಸುತ್ತದೆ. ಆಂಡ್ರಾಯ್ಡ್ ಪ್ರಾಜೆಕ್ಟಿನಲ್ಲಿ ಹಾಗಲ್ಲ, ಜಾವಾ ಬೇಕೆಂದು ನೀವೇ ಬಿಲ್ಡ್ ಕಡತದಲ್ಲಿ ಬರೆದು, ಅದಕ್ಕೆ ಮೊಬೈಲಿಗೆ ತಕ್ಕ ಹಗುರ ಕೋಡ್ ಕೊಡುವ ಲೈಟ್ ಎಂಬ ಆಯ್ಕೆಯನ್ನೂ ಕೊಡಬೇಕು. ಅವಲಂಬನೆಯಾಗಿ ಪೂರ್ಣ ಜಾವಾ ಲೈಬ್ರರಿಯ ಬದಲು ಜಾವಾಲೈಟ್ ಸೇರಿಸಿ, ಸ್ಕೀಮಾ ಕಡತವನ್ನು ಮೇನ್ ಫೋಲ್ಡರಿನೊಳಗೆ ಪ್ರೋಟೋ ಎಂಬ ಹೆಸರಿನ ಫೋಲ್ಡರಿನಲ್ಲಿ ಇಡಿ. ಕೈಯಾರೆ ತಯಾರಿಸಿ ಸೇರಿಸಿದ ಕ್ಲಾಸುಗಳನ್ನು ಅಳಿಸಿಬಿಡಿ, ಇಲ್ಲವಾದರೆ ಮುಂದೊಂದು ದಿನ ಸ್ಕೀಮಾ ಒಂದು, ಕೋಡ್ ಇನ್ನೊಂದು ಆಗಿ ಕುಳಿತಿರುತ್ತದೆ.

ಆವೃತ್ತಿಗಳ ವಿಷಯದಲ್ಲಿ ನೀವು ಹೆದರಬೇಕಾದ್ದಿಲ್ಲ. ನಿಮ್ಮ ಮೂರೂ ಸಂಖ್ಯೆಗಳಲ್ಲಿ 25.1 ಎಂಬುದು ಸಮಾನವಾಗಿದೆ. ಅದರ ಮುಂದಿನ 3 ಮತ್ತು 4 ಆಯಾ ಭಾಷೆಯ ಲೈಬ್ರರಿಯ ಲೆಕ್ಕ. ಉತ್ಪಾದಿತ ಕೋಡು ಲೈಬ್ರರಿಗಿಂತ ಹೊಸದಾಗಿರಬಾರದು ಎಂಬುದನ್ನು ನೆನಪಿಡಿ. ತೀರಾ ಹಳೆಯದಾದರೂ ಕಷ್ಟವೇ: 2022ರಲ್ಲಿ ಪೈಥಾನ್ ಲೈಬ್ರರಿ 4.21ಕ್ಕೆ ಬಂದಾಗ, 3.19ಕ್ಕಿಂತ ಹಳೆಯ ಕಂಪೈಲರಿನಿಂದ ಬಂದ ಕೋಡು ಓಡದೆ ಅನೇಕರ ಸರ್ವರುಗಳು ನಿಂತುಹೋದವು. ಆದ್ದರಿಂದ ಮೂರೂ ಆವೃತ್ತಿಗಳನ್ನು ಪ್ರಾಜೆಕ್ಟಿನಲ್ಲಿ ಸ್ಪಷ್ಟವಾಗಿ ನಮೂದಿಸಿಡಿ, "ಇತ್ತೀಚಿನದು" ಎಂದು ಬಿಡಬೇಡಿ.

ಇನ್ನು ಕಳೆದುಹೋದ ನಾಲ್ಕು ದಾಖಲೆಗಳ ವಿಷಯ. ನಿಮ್ಮ ಸ್ಕೀಮಾದಲ್ಲಿ ತೂಕ 3ನೇ ಫೀಲ್ಡ್ (ದಾಖಲೆಯ ಒಂದು ಅಂಶ) ಎಂದೂ, ಅದನ್ನು ಗ್ರಾಂ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಟ್ಟಿದ್ದೀರಿ ಎಂದೂ ಭಾವಿಸೋಣ. 48 ಕಿಲೋ 350 ಗ್ರಾಂ ತೂಗಿದ ಚೀಲ ಕಡತದಲ್ಲಿ ನಾಲ್ಕೇ ಬೈಟುಗಳಾಗುತ್ತದೆ: 24, 222, 249, 2. ಮೊದಲ 24 ಎಂದರೆ "3ನೇ ಫೀಲ್ಡ್, ಮುಂದೆ ಪೂರ್ಣಾಂಕ ಬರುತ್ತದೆ" ಎಂಬ ಗುರುತು. ಉಳಿದ ಮೂರರಲ್ಲಿ 48350 ಏಳೇಳು ಬಿಟ್‌ಗಳಾಗಿ ಹಂಚಿಕೊಂಡಿದೆ. ಈ ಬೈಟುಗಳಲ್ಲಿ ತೂಕ ಎಂಬ ಹೆಸರೂ ಇಲ್ಲ, ದಾಖಲೆ ಇಲ್ಲಿಗೆ ಮುಗಿಯಿತು ಎಂಬ ಸೂಚನೆಯೂ ಇಲ್ಲ. ಹೀಗಾಗಿ ಐದು ದಾಖಲೆಗಳನ್ನು ಅಂಟಿಸಿ ಇಟ್ಟರೆ, ಓದುವವನಿಗೆ ಅದು ಒಂದೇ ದೊಡ್ಡ ದಾಖಲೆಯಾಗಿ ತೋರುತ್ತದೆ, ಅದರಲ್ಲಿ ತೂಕ ಐದು ಸಲ ಬಂದಿರುತ್ತದೆ. ಒಂದೇ ಫೀಲ್ಡ್ ಮತ್ತೆ ಮತ್ತೆ ಬಂದರೆ ಕೊನೆಯದನ್ನು ಇಟ್ಟುಕೊಳ್ಳಬೇಕೆಂಬುದು ನಿಯಮ. ಸರ್ವರ್ ತಪ್ಪು ಮಾಡಿಲ್ಲ, ನಿಯಮವನ್ನು ಪಾಲಿಸಿದೆ.

ಪರಿಹಾರ ಸುಲಭ. ದಾಖಲೆಗಳ ಕಟ್ಟು ಎಂಬ ಇನ್ನೊಂದು ಸಂದೇಶವನ್ನು ಸ್ಕೀಮಾದಲ್ಲಿ ಸೇರಿಸಿ, ಅದರೊಳಗೆ ರಿಪೀಟೆಡ್ ಎಂದು ಗುರುತಿಸಿದ ಒಂದೇ ಫೀಲ್ಡಿನಲ್ಲಿ ತೂಕದ ದಾಖಲೆಗಳನ್ನು ಇಡಿ. ಅದೇ ಅಂಟಿಸುವ ನಿಯಮ ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ, ಏಕೆಂದರೆ ರಿಪೀಟೆಡ್ ಫೀಲ್ಡುಗಳು ಒಂದನ್ನೊಂದು ಅಳಿಸುವುದಿಲ್ಲ, ಸಾಲಾಗಿ ಸೇರಿಕೊಳ್ಳುತ್ತವೆ. ಪ್ರತಿ ಚೀಲವನ್ನೂ ಒಂದೇ ದಾಖಲೆಯ ಕಟ್ಟಾಗಿ ಕಡತದ ಕೊನೆಗೆ ಬರೆಯುತ್ತಾ ಹೋದರೆ, ಇಡೀ ಕಡತವನ್ನು ಒಂದೇ ಕಟ್ಟಾಗಿ ಓದಬಹುದು. ನನಗೆ ಈ ಲೈಬ್ರರಿಯಲ್ಲಿ ತುಂಬ ಹಿಡಿಸಿದ ಗುಣವಿದು.

ಉತ್ತರ (ಸಾಗರದಿಂದ)

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ಲೈಬ್ರರಿ ಕೂರಿಸುವುದು ಅರ್ಧ ದಿನದ ಕೆಲಸ, ಫೀಲ್ಡುಗಳ ಸಂಖ್ಯೆಯನ್ನು ಕಾಯುವುದು ಆ್ಯಪ್ ಇರುವವರೆಗಿನ ಕೆಲಸ ಎಂಬುದನ್ನು ನಾನು ಪೆಟ್ಟು ತಿಂದು ಕಲಿತವನು, ಆದ್ದರಿಂದ ಬರೆಯುತ್ತಿದ್ದೇನೆ.

ಕಾಳುಮೆಣಸು ಖರೀದಿಯ ಒಂದು ಆ್ಯಪಿನಲ್ಲಿ 5ನೇ ಫೀಲ್ಡ್ ತೇವಾಂಶವಾಗಿತ್ತು. ಅದು ಬೇಡವೆಂದಾಗ ನಾನು ಆ ಸಾಲನ್ನು ಅಳಿಸಿ, ಸಂಖ್ಯೆ ಖಾಲಿ ಇದೆಯಲ್ಲ ಎಂದು ಅದೇ 5ನ್ನು ಚೀಲಗಳ ಎಣಿಕೆಗೆ ಕೊಟ್ಟೆ. ಪೇಟೆಯಲ್ಲಿರುವವರ ಫೋನುಗಳು ಎರಡೇ ದಿನದಲ್ಲಿ ಹೊಸ ಆವೃತ್ತಿಗೆ ಬದಲಾದವು. ಘಟ್ಟದಂಚಿನ ಊರುಗಳ ಫೋನುಗಳಲ್ಲಿ ಹಳೆಯ ಆವೃತ್ತಿಯೇ ವಾರಗಟ್ಟಲೆ ಉಳಿದಿತ್ತು. ಅಲ್ಲಿಂದ ತೇವಾಂಶ ಶೇಕಡ 12 ಎಂದು ಬಂದದ್ದನ್ನು ಸರ್ವರ್ 12 ಚೀಲ ಎಂದು ಓದಿತು. ಎರಡೂ ಪೂರ್ಣಾಂಕಗಳಾದ್ದರಿಂದ ದೋಷ ಕಾಣಿಸಲು ದಾರಿಯೇ ಇರಲಿಲ್ಲ. ಎರಡು ಚೀಲ ಕೊಟ್ಟವರ ಹೆಸರಿನಲ್ಲಿ ಹನ್ನೆರಡು ಚೀಲ ಬರೆದಿದ್ದ ರಸೀದಿಯನ್ನು ಹಿಡಿದುಕೊಂಡು ಹಿರಿಯರೊಬ್ಬರು ಪ್ರಾಮಾಣಿಕವಾಗಿ ಹಿಂದಿರುಗಿಸಲು ಬಂದಾಗಲೇ ನಮಗೆ ತಿಳಿದದ್ದು.

ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೆ ಎಲ್ಲ ಫೋನುಗಳೂ ಬೇಗ ನವೀಕರಣಗೊಳ್ಳುತ್ತವೆ ಎಂಬ ನಂಬಿಕೆ ಇರಬಹುದು. ನಮ್ಮ ಕಡೆ ಅದು ನಡೆಯದು. ಅಳಿಸಿದ ಫೀಲ್ಡಿನ ಸಂಖ್ಯೆಯನ್ನೂ ಹೆಸರನ್ನೂ ರಿಸರ್ವ್ಡ್ ಎಂದು ಸ್ಕೀಮಾದಲ್ಲಿ ಬರೆದಿಟ್ಟರೆ, ಮುಂದೆ ಯಾರಾದರೂ ಮರೆತು ಬಳಸಲು ಹೊರಟರೂ ಕಂಪೈಲರ್ ತಡೆಯುತ್ತದೆ. 1ರಿಂದ 15ರವರೆಗಿನ ಸಂಖ್ಯೆಗಳ ಗುರುತಿಗೆ ಒಂದೇ ಬೈಟು ಸಾಕು, 16ರಿಂದ ಎರಡು ಬೇಕು. ಆದ್ದರಿಂದ ಪ್ರತಿ ದಾಖಲೆಯಲ್ಲೂ ಬರುವಂಥವನ್ನು ಮೊದಲ ಹದಿನೈದರಲ್ಲಿ ಇಡಿ.

ಅಡಿಕೆಯ ಬಗೆಯನ್ನು ಎನಮ್ (ಸಂಖ್ಯೆ ಕೊಟ್ಟ ಆಯ್ಕೆಗಳ ಪಟ್ಟಿ) ಮಾಡಿರುತ್ತೀರಿ ಎಂದು ಊಹಿಸುತ್ತೇನೆ. ಸ್ಕೀಮಾ ಬರೆಯುವ ಪ್ರೋಟೋ3 ಎಂಬ ಕ್ರಮದಲ್ಲಿ ಎನಮಿನ ಮೊದಲ ಮೌಲ್ಯ 0 ಆಗಿರಲೇಬೇಕು, ಮತ್ತು 0 ಎಂಬ ಮೌಲ್ಯವನ್ನು ಸಾಮಾನ್ಯವಾಗಿ ಕಡತಕ್ಕೆ ಬರೆಯುವುದೇ ಇಲ್ಲ. ಇಲ್ಲದ್ದನ್ನೆಲ್ಲ ಓದುವವನು 0 ಎಂದೇ ತಿಳಿಯುತ್ತಾನೆ. ನೀವು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರದ ಕ್ರಮದಲ್ಲಿ 0ಯಿಂದ ಎಣಿಸಿದ್ದರೆ, ಹುಡುಗರು ಬಗೆಯನ್ನು ಆರಿಸಲು ಮರೆತ ಪ್ರತಿ ಚೀಲವೂ ಸರಕು ಎಂದೇ ದಾಖಲಾಗುತ್ತದೆ. ಗೊರಬಲಿಗೂ ಸರಕಿಗೂ ದರದಲ್ಲಿ ಅಜಗಜಾಂತರ ಎಂದು ನಿಮಗೆ ಹೇಳಬೇಕಾಗಿಲ್ಲ. 0ಗೆ "ನಮೂದಿಸಿಲ್ಲ" ಎಂಬ ಮೌಲ್ಯ ಕೊಟ್ಟು, ಹಾಗೆ ಬಂದ ದಾಖಲೆಯನ್ನು ಸರ್ವರ್ ಪ್ರತ್ಯೇಕವಾಗಿ ತೆಗೆದಿಡಲಿ. ತೂಕದಂಥ ಫೀಲ್ಡಿಗೆ ಆಪ್ಷನಲ್ ಎಂದು ಸೇರಿಸಿದರೆ 0 ಎಂದು ಬರೆದದ್ದೂ ಬರೆಯದೆ ಬಿಟ್ಟದ್ದೂ ಬೇರೆ ಬೇರೆಯಾಗಿ ತಿಳಿಯುತ್ತದೆ. 2021ರಲ್ಲಿ ಬಂದ 3.15ನೇ ಆವೃತ್ತಿಯಿಂದ ಈ ಸೌಲಭ್ಯ ಪ್ರೋಟೋ3ರಲ್ಲಿ ಪೂರ್ಣವಾಗಿ ಇದೆ.

ಉತ್ತರ (ತೀರ್ಥಹಳ್ಳಿಯಿಂದ)

ಗಾತ್ರ ಉಳಿಸುವುದಕ್ಕಾಗಿ ಮಾತ್ರ ಬದಲಾಗುತ್ತಿದ್ದರೆ, ನೂರಾರು ದಾಖಲೆಗಳ ಜೇಸನ್ನನ್ನು ಜಿಜಿಪ್ ಎಂಬ ವಿಧಾನದಲ್ಲಿ ಕುಗ್ಗಿಸಿ ಕಳುಹಿಸಿದರೂ ಬಹಳಷ್ಟು ಉಳಿಯುತ್ತದೆ, ಏಕೆಂದರೆ ಮತ್ತೆ ಮತ್ತೆ ಬರುವ ಫೀಲ್ಡಿನ ಹೆಸರುಗಳು ಅದರಲ್ಲಿ ಚೆನ್ನಾಗಿ ಕುಗ್ಗುತ್ತವೆ ಎಂದು ಹೇಳುತ್ತಿದ್ದೆ. ಆದರೆ ನಿಮ್ಮ ಕಾರಣ ಹೆಸರುಗಳ ಗೊಂದಲ; ಅದಕ್ಕೆ ಸ್ಕೀಮಾ ಇರುವ ಲೈಬ್ರರಿಯೇ ಸರಿಯಾದ ಆಯ್ಕೆ.

ಊರಿನ ಹೆಸರನ್ನು ಅಕ್ಷರಗಳಲ್ಲಿ ಕಳುಹಿಸುತ್ತಿದ್ದೀರಿ ಎಂಬುದು ನನ್ನ ಗಮನ ಸೆಳೆಯಿತು. ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. "ತೀರ್ಥಹಳ್ಳಿ" ಎಂದು ಬರೆಯಲು ಗುಣಿತ, ಒತ್ತು, ಎಲ್ಲ ಸೇರಿ ಯೂನಿಕೋಡಿನಲ್ಲಿ 10 ಸಂಕೇತಗಳು ಬೇಕು. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟುಗಳಾದ್ದರಿಂದ ಒಟ್ಟು 30. ಪ್ರೋಟೋಬಫ್ ಅದನ್ನು ಕುಗ್ಗಿಸುವುದಿಲ್ಲ. ಪೈಥಾನಿನ ಜೇಸನ್ ಅಂತೂ ಪೂರ್ವನಿಗದಿಯಂತೆ ಪ್ರತಿ ಸಂಕೇತವನ್ನೂ ಆರು ಅಕ್ಷರಗಳಾಗಿ ಬಿಡಿಸಿ 60 ಬೈಟು ಮಾಡುತ್ತದೆ. ಮೇಲೆ ಹೇಳಿದ ತೂಕಕ್ಕೆ ನಾಲ್ಕು ಬೈಟು ಸಾಕಾಗಿರುವಾಗ ಊರಿನ ಹೆಸರಿಗೆ ಮೂವತ್ತು ಕೊಡುವುದು ಬೇಡ. ಊರುಗಳ ಪಟ್ಟಿಯನ್ನು ಆ್ಯಪಿನಲ್ಲೇ ಇಟ್ಟು, ಪ್ರತಿ ಊರಿಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಮಾತ್ರ ಕಳುಹಿಸಿ. ಒಂದೇ ಊರನ್ನು ನಾಲ್ಕು ಜನ ನಾಲ್ಕು ರೀತಿ ಬರೆಯುವ ತೊಂದರೆಯೂ ಅದರಿಂದ ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೈಟ್ ಆಯ್ಕೆ ಸೇರಿಸಿದೊಡನೆ ಕ್ಲಾಸುಗಳು ಕಾಣಿಸಿದವು, ಕಟ್ಟಿನ ರೂಪದಲ್ಲಿ ಐದೂ ದಾಖಲೆಗಳು ತಲುಪಿದವು. ಎನಮಿನಲ್ಲಿ ನಾವು ನಿಜವಾಗಿಯೂ ಸರಕಿಗೇ 0 ಕೊಟ್ಟಿದ್ದೆವು, ತಿದ್ದಿಕೊಂಡಿದ್ದೇವೆ. ಒಂದು ಸಂದೇಹ ಉಳಿದಿದೆ: ದಾಖಲೆ ಬರೆಯುತ್ತಿರುವಾಗಲೇ ಫೋನಿನ ಬ್ಯಾಟರಿ ಮುಗಿದು ಆರಿಹೋದರೆ ಕಡತದ ಗತಿ ಏನು? ಕರೆಂಟು ಹೋದರೆ ಮರುದಿನವೇ ಬರುವ ಊರುಗಳು ನಮ್ಮಲ್ಲಿ ಇವೆ.

ಉತ್ತರ (ಶಿವಮೊಗ್ಗದಿಂದ)

ಒಳ್ಳೆಯ ಪ್ರಶ್ನೆ, ಇದನ್ನು ನಾನು ಮೊದಲೇ ಹೇಳಬೇಕಿತ್ತು. ಕೊನೆಯ ದಾಖಲೆ ಅರ್ಧಕ್ಕೆ ನಿಂತರೆ, ಇಡೀ ಕಡತವನ್ನು ಒಂದೇ ಕಟ್ಟಾಗಿ ಓದುವ ಪ್ರಯತ್ನ ವಿಫಲವಾಗುತ್ತದೆ, ಅದರ ಹಿಂದಿನ ಸರಿಯಾದ ದಾಖಲೆಗಳೂ ಕೈಗೆ ಸಿಗುವುದಿಲ್ಲ. ಆದ್ದರಿಂದ ಫೋನಿನೊಳಗಿನ ಕಡತಕ್ಕೆ ಮಾತ್ರ ಬೇರೆ ಕ್ರಮ ಅನುಸರಿಸಿ: ಜಾವಾದ ಲೈಬ್ರರಿಯಲ್ಲಿ ದಾಖಲೆಯ ಮುಂದೆ ಅದರ ಉದ್ದವನ್ನೂ ಸೇರಿಸಿ ಬರೆಯುವ "ರೈಟ್ ಡಿಲಿಮಿಟೆಡ್ ಟು" ಎಂಬ ವಿಧಾನವಿದೆ. ಓದುವಾಗ ಒಂದೊಂದಾಗಿ ತೆಗೆಯುತ್ತಾ ಹೋಗಿ, ಉದ್ದಕ್ಕೆ ತಕ್ಕಷ್ಟು ಬೈಟುಗಳು ಸಿಗದಿದ್ದಲ್ಲಿ ನಿಲ್ಲಿಸಿ. ಅಲ್ಲಿಯವರೆಗಿನ ಚೀಲಗಳೆಲ್ಲ ಸುರಕ್ಷಿತ. ಅವನ್ನು ಕಟ್ಟಾಗಿ ಸೇರಿಸಿ ಸರ್ವರಿಗೆ ಕಳುಹಿಸಿ, ತಲುಪಿತೆಂಬ ಉತ್ತರ ಬರುವವರೆಗೆ ಮೂಲ ಕಡತವನ್ನು ಅಳಿಸಬೇಡಿ. ಉತ್ತರ ದಾರಿಯಲ್ಲಿ ಕಳೆದುಹೋದರೆ ಫೋನು ಅದೇ ಕಟ್ಟನ್ನು ಮತ್ತೆ ಕಳುಹಿಸುವುದರಿಂದ, ಪ್ರತಿ ದಾಖಲೆಗೂ ಫೋನಿನಲ್ಲೇ ಒಂದು ವಿಶಿಷ್ಟ ಗುರುತು ಕೊಟ್ಟಿರಿ. ಇಲ್ಲವಾದರೆ ಒಂದೇ ಚೀಲ ಎರಡು ಸಲ ಲೆಕ್ಕಕ್ಕೆ ಸೇರುತ್ತದೆ.