ಸಹಾಯ ಬೇಕು: ಸೈಕಲ್ ಅಂಗಡಿಯವರನ್ನು ಎಲೆಕ್ಟ್ರಿಕ್ ಸೈಕಲ್ ಮಾರಲು ಒಪ್ಪಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡಿ ನೋವಿರುವ ಅಪ್ಪನಿಗೆ ಎಲೆಕ್ಟ್ರಿಕ್ ಸೈಕಲ್ ಬೇಕು. ಮೈಸೂರಿನ ನಮ್ಮ ಬೀದಿಯ ಸೈಕಲ್ ಅಂಗಡಿ ಅಣ್ಣನಿಗೆ ತರಿಸಿಕೊಡಿ ಅಂತ ಮೂರು ಸಲ ಕೇಳಿದೆ. "ಪಂಚರ್ ಆದ್ರೆ ಹಾಕ್ತೀನಿ ಸಾರ್, ಬ್ಯಾಟರಿ ಕೆಟ್ರೆ ನಾನೇನ್ ಮಾಡ್ಲಿ?" ಅಂದರು. ಅವರ ಭಯ ಸುಮ್ನೆ ಅಲ್ಲ. ಮೋಟಾರ್ ಹಿಂದಿನ ಚಕ್ರದಲ್ಲೇ ಇದ್ದರೆ, ಚಕ್ರ ಬಿಚ್ಚುವ ಮೊದಲು ಅದರ ವೈರ್ ಕಳಚಬೇಕು. ಆದರೆ ಬ್ರೇಕ್, ಚೈನ್, ಟ್ಯೂಬ್ ಎಲ್ಲ ಅವರ ಕೈಗೆ ಪಳಗಿದ ಕೆಲಸವೇ ಅಲ್ವಾ? ಮೋಟಾರ್ 250 ವ್ಯಾಟ್ ಒಳಗಿದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದಿದ್ದರೆ ನೋಂದಣಿ, ಲೈಸೆನ್ಸ್ ಬೇಡ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ.

ನಿಮ್ಮೂರಲ್ಲಿ ಸಣ್ಣ ಅಂಗಡಿಯವರು ಯಾರಾದರೂ ಮಾರುತ್ತಿದ್ದಾರಾ? ರಿಪೇರಿ ಎಲ್ಲಿ ಕಲಿತರು? ಮೊದಲಿಗೆ ಎಷ್ಟು ಸೈಕಲ್ ಇಟ್ಟರು? ದಯವಿಟ್ಟು ತಿಳಿಸಿ, ಅಣ್ಣನ ಜೊತೆ ಕೂತು ಮಾತಾಡುತ್ತೇನೆ.